ಓಣಿಪಟ್ಟಿ

ನಕ್ಷೆ ಬರೆಯುವುದು ನನ್ನ ಉದ್ಯೋಗ. ಸೋಲಾಪುರದ ಒಂದು ಸಣ್ಣ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ನೀರಿನ ಪೈಪು ಎಲ್ಲಿ ಹಾಯಬೇಕು, ರಸ್ತೆ ಎಲ್ಲಿ ತಿರುಗಬೇಕು, ಯಾರ ಹೊಲದ ಬದು ಎಲ್ಲಿಗೆ ಮುಗಿಯುತ್ತದೆ ಎಂದು ಗೆರೆ ಎಳೆಯುತ್ತ ಬಂದಿದ್ದೇನೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರಿಗೆ ಒಂದು ಸ್ವಭಾವ ಅಂಟಿಕೊಳ್ಳುತ್ತದೆ. ಅಳೆಯಲು ಬಾರದ್ದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೆವ್ವ, ಗಾಳಿ ಸೋಕು, ಮೈಮೇಲೆ ಬರುವುದು ಇಂಥ ಮಾತು ಬಂದಾಗ ನಾನು ವಾದ ಮಾಡುತ್ತಿರಲಿಲ್ಲ, ಆದರೆ ಎದ್ದು ನೀರು ಕುಡಿಯಲು ಒಳಗೆ ಹೋಗುತ್ತಿದ್ದೆ. ನನ್ನ ಅಕ್ಕನಿಗೆ ಇದು ಚೆನ್ನಾಗಿ ಗೊತ್ತು. "ಇಕಿ ಮುಂದ ಹೇಳಬ್ಯಾಡ್ರಿ, ಇಕಿಗೆ ನೀರಡಿಕಿ ಆಗತೈತಿ" ಎಂದು ನಗುತ್ತಿದ್ದಳು.

ಈಗ ಬರೆಯುತ್ತಿರುವುದನ್ನು ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನಾನು ಎಳೆದ ಗೆರೆಗಳನ್ನೂ ಅವರು ಅನುಮಾನದಿಂದ ನೋಡಿಯಾರು ಎಂಬ ಅಂಜಿಕೆ. ಓದುವ ನಿಮಗೆ ನಾನು ಯಾರೆಂದು ಗೊತ್ತಿಲ್ಲವಾದ್ದರಿಂದ ಧೈರ್ಯ ಮಾಡಿದ್ದೇನೆ.

ನನ್ನ ಅಕ್ಕ ಮಾಯವ್ವನನ್ನು ಬೋರಾಮಣಿ ಮತ್ತು ವಳಸಂಗದ ನಡುವಿನ ಒಂದು ವಸ್ತಿಗೆ ಕೊಟ್ಟಿದೆ. ವಸ್ತಿ ಎಂದರೆ ಊರಲ್ಲ, ಹೊಲದಲ್ಲೇ ಕಟ್ಟಿಕೊಂಡ ಒಂಟಿ ಮನೆ, ಪಕ್ಕದಲ್ಲಿ ಕುರಿದೊಡ್ಡಿ, ಒಂದು ಬೇವಿನ ಮರ. ಅಕ್ಕನ ಗಂಡ ಬೀರಪ್ಪ ಮಾಮಾ ಒಕ್ಕಲುತನದ ಜೊತೆಗೆ ಕುರಿ ಸಾಕಿದವರು. ನಮ್ಮದೂ ಕುರಿ ಸಾಕುವ ಮನೆತನವೇ. ಅಪ್ಪ ಗಿರಣಿ ಕೆಲಸಕ್ಕೆಂದು ಸೋಲಾಪುರಕ್ಕೆ ಬಂದು ಅಲ್ಲಿಯೇ ಉಳಿದದ್ದರಿಂದ ನಾನು ಪೇಟೆಯವಳಾದೆ, ಕನ್ನಡ ಸಾಲಿ ಓದಿ ಮರಾಠಿಯಲ್ಲಿ ನೌಕರಿ ಮಾಡುವವಳಾದೆ. ಅಕ್ಕ ಮಾತ್ರ ತಿರುಗಿ ಕುರಿಗಳ ನಡುವೆ ಹೋದಳು.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಮಾಮಾ ಫೋನು ಮಾಡಿದರು. ಮಳೆಗಾಲ ಬರುವುದರೊಳಗೆ ಹೊಲದಲ್ಲಿ ಶೇತತಳೆ ತೋಡಿಸಬೇಕು, ಎಂದರೆ ಮಳೆನೀರು ನಿಲ್ಲಿಸುವ ದೊಡ್ಡ ಹೊಂಡ. ಅದನ್ನು ಎಲ್ಲಿ ತೋಡಿದರೆ ಒಳ್ಳೆಯದು, ಬಂದು ನೋಡಿ ಹೇಳು ಎಂದರು. ಹಿಂದಿನ ಬೇಸಿಗೆಯಲ್ಲಿ ನೀರಿಲ್ಲದೆ ಕುರಿಗಳನ್ನು ಹೊಡೆದುಕೊಂಡು ಭೀಮಾನದಿಯ ದಂಡೆವರೆಗೆ ಹೋಗಿದ್ದರು. ದಾರಿಯಲ್ಲಿ ಮರಿಗಳು ಸತ್ತವು. ಆ ಸಲ ಅಕ್ಕ ಒಬ್ಬಳೇ ವಸ್ತಿಯಲ್ಲಿದ್ದಳು. ಇನ್ನೊಂದು ಬೇಸಿಗೆ ಹಾಗೆ ಕಳೆಯಲಾರೆವು ಎಂಬುದು ಇಬ್ಬರ ದನಿಯಲ್ಲೂ ಇತ್ತು.

ಹೋಗುವ ಮುಂಚೆ ನಾನು ಮಾಡಿದ್ದು ಒಂದೇ ಕೆಲಸ. ಆ ಭಾಗದ ಹಳೆಯ ಭೂನಕ್ಷೆ ಹುಡುಕಿದೆ. ಇಂಗ್ಲಿಷರ ಕಾಲದಲ್ಲಿ ಅಳೆದು ಅಚ್ಚು ಹಾಕಿದ ಇಂಥ ಹಾಳೆಗಳು ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಎತ್ತರ ತಗ್ಗು ತೋರಿಸುವ ಕಂದು ಗೆರೆಗಳು, ಹಳ್ಳಗಳು, ಬಾವಿಗಳು, ಒಂಟಿ ಮರಗಳು ಸಹ ಅದರಲ್ಲಿರುತ್ತವೆ. ಬದು ಹಾಕಿ, ಉತ್ತಿ, ಕಾಲುವೆ ತೆಗೆದು ಈಗ ನೆಲದ ಮೈ ಬದಲಾಗಿದೆ. ನೀರು ಮೊದಲು ಹೇಗೆ ಹರಿಯುತ್ತಿತ್ತು ಎಂದು ತಿಳಿಯಲು ಹಳೆಯ ಹಾಳೆಯೇ ಬೇಕು.

ಹಳ್ಳ ಸಿಕ್ಕಿತು. ಅದರ ಪಡುವಣಕ್ಕೆ, ಮಾಮಾರ ಹೊಲ ಇರಬೇಕಾದ ಕಡೆ, ನಾನು ಹುಡುಕದ ಇನ್ನೊಂದು ಸಂಗತಿಯೂ ಸಿಕ್ಕಿತು. ನಾಲ್ಕಾರು ಸಣ್ಣ ಚೌಕಗಳು, ಪಕ್ಕದಲ್ಲಿ ಒಂದು ಬಾವಿಯ ಗುರುತು, ಬಂಡಿದಾರಿಯ ಎರಡು ಚುಕ್ಕಿಗೆರೆ ಅವುಗಳ ನಡುವೆ ಹೊಕ್ಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುರಿದು ಆಚೆ ಹೋಗಿತ್ತು. ಮಗ್ಗುಲಲ್ಲಿ ಓರೆ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಹೆಸರು. ಕಲ್ಲವಾಡಿ ಎಂದು ಓದಿದರೂ ಸರಿ, ಕಳ್ಳವಾಡಿ ಎಂದರೂ ಸರಿ. ಅದರ ಮುಂದೆ, ಹಾಳುಬಿದ್ದದ್ದು ಎಂಬ ಒಕ್ಕಣೆ. ಎಂದರೆ ಆ ಹಾಳೆ ಬರೆದ ಕಾಲಕ್ಕೇ ಅಲ್ಲಿ ಜನ ಇರಲಿಲ್ಲ. ಈಗಿನ ಉಪಗ್ರಹದ ಚಿತ್ರದ ಮೇಲೆ ಹಾಳೆಯನ್ನು ಕೂಡಿಸಿ ನೋಡಿದೆ. ಆ ಜಾಗದಲ್ಲಿ ಈಗ ಇರುವುದು ಸಪಾಟಾದ, ಖಾಲಿ, ಉತ್ತ ನೆಲ.

ಕಾಗದಕ್ಕೆ ಪ್ರಿಂಟು ತೆಗೆದುಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿ ವಳಸಂಗದಲ್ಲಿ ಇಳಿದೆ. ಮಾಮಾ ಗಾಡಿ ತಂದಿದ್ದರು. ಊಟ ಆದ ಮೇಲೆ ಬೇವಿನ ನೆರಳಿನಲ್ಲಿ ಕೂತು ಹಾಳೆ ಬಿಡಿಸಿ ತೋರಿಸಿದೆ.

"ಊರಾ? ಇಲ್ಲಿ?" ಎಂದು ಮಾಮಾ ಹುಬ್ಬು ಏರಿಸಿದರು. "ಹುಟ್ಟಿದಾಗಿಂದ ಈ ಹೊಲ ಹೊಡ್ಯಾಕತ್ತೀನಿ ತಂಗಿ. ಒಂದು ಗಡಿಗಿ ಚೂರು ಸೈತ ಕುಂಟಿಗೆ ಹತ್ತಿಲ್ಲ. ಊರಿದ್ದ ಮ್ಯಾಲ ಕಲ್ಲರ ಇರಬೇಕಲ್ಲ?"

ಅವರು ಬೆರಳಿಟ್ಟು ಹಳ್ಳ ಗುರುತಿಸಿದರು, ವಸ್ತಿ ಗುರುತಿಸಿದರು, ನಡುವಿನ ಚೌಕಗಳಿಗೆ ಬಂದು ನಿಂತರು. "ಇದು ನಮ್ಮ ಓಣಿಪಟ್ಟಿ" ಎಂದರು.

ನನಗೆ ಮೈ ಜುಮ್ಮೆಂದಿತು. ಹೆದರಿಕೆಯಿಂದಲ್ಲ, ಸಂತೋಷದಿಂದ. ಊರು ಹೋಗಿ ಎಷ್ಟು ಕಾಲವಾದರೂ ಅದರ ಓಣಿ ಹೊಲದ ಹೆಸರಿನಲ್ಲಿ ಉಳಿದುಬಿಟ್ಟಿದೆ ಎಂದುಕೊಂಡೆ. "ಓಣಿಪಟ್ಟಿ ಅಂತ ಯಾಕ ಅಂತೀರಿ ಮಾಮಾ?" ಎಂದು ಕೇಳಿದರೆ, "ಹಂಗ ಅಂತೀವಿ, ಅಷ್ಟ" ಎಂದರು. ಶೇತತಳೆಗೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಜಾಗವೂ ಅದೇ. ದೊಡ್ಡಿಗೆ ಹತ್ತಿರ, ಕುರಿ ಬಂದು ಕುಡಿದು ಹೋಗಲು ಅನುಕೂಲ. ಮರುದಿನ ಬಿಟ್ಟು ಅದರ ಮರುದಿನ ಜೆಸಿಬಿ ಬರುವುದೆಂದು ಮಾತಾಗಿತ್ತು.

ಬಿಸಿಲು ಇಳಿದ ಮೇಲೆ ಮಾಮಾ ಮೂಡಣದ ಮಡ್ಡಿಯ, ಎಂದರೆ ಕಲ್ಲುದಿಬ್ಬದ, ಕಡೆಯಿಂದ ಕುರಿ ಹೊಡೆದುಕೊಂಡು ಬರಲು ಹೊರಟರು. ಜಾಗ ನೋಡಿದಂತಾಯಿತೆಂದು ನಾನೂ ಹೊರಟೆ. ನಡೆದ ದಾರಿ ತಾನಾಗಿ ಬರೆದುಕೊಳ್ಳುವಂತೆ ಫೋನಿನಲ್ಲಿ ಜಿಪಿಎಸ್ ಹಚ್ಚಿ ಕೈಯಲ್ಲಿ ಹಿಡಿದಿದ್ದೆ. ಅಕ್ಕ ಅಂಗಳದಲ್ಲಿ ಒಲೆ ಹೊತ್ತಿಸುತ್ತ, "ಲಗೂನ ಬರ್ರಿ, ಚಾಕ ಇಡ್ತೀನಿ" ಎಂದಳು. ಅಂಗಳದಿಂದ ಮಡ್ಡಿಯವರೆಗೆ ಕಣ್ಣಿಗೆ ಅಡ್ಡ ಒಂದು ಗಿಡವಿಲ್ಲ, ಒಂದು ಕಟ್ಟೆಯಿಲ್ಲ. ಬೇಸಿಗೆಯ ಬರಿ ನೆಲ. ನಡೆಯುವ ನಾಯಿ ಸಹ ಕಾಣುವಂಥ ಬಯಲು ಅದು.

ಹಿಂಡು ಮಡ್ಡಿಯಿಂದ ಇಳಿಯುವಾಗ ಅಗಲವಾಗಿ ಹರಡಿಕೊಂಡಿತ್ತು. ಮನೆಯ ದಿಕ್ಕು ಹಿಡಿದ ಕುರಿಗಳು ಆತುರದಲ್ಲಿದ್ದವು, ಒಂದನ್ನೊಂದು ನೂಕುತ್ತಿದ್ದವು. ಓಣಿಪಟ್ಟಿಯ ಅಂಚಿಗೆ ಬಂದದ್ದೇ ಮುಂದಿನ ಟಗರು ನಿಧಾನ ಮಾಡಿತು. ಹಿಂದಿನವು ಅದರ ಬಾಲಕ್ಕೆ ಹತ್ತಿದವು. ನೋಡುನೋಡುತ್ತ ಇಡೀ ಹಿಂಡು ಎರಡು ಸಾಲಾಗಿ, ಮೈಗೆ ಮೈ ಒತ್ತಿಕೊಂಡು, ಇಕ್ಕಟ್ಟಿನಲ್ಲಿ ಹೋಗುವ ಹಾಗೆ ಹೋಗತೊಡಗಿತು. ಎಡಕ್ಕೆ ಬಲಕ್ಕೆ ಬೇಕಾದಷ್ಟು ಬಯಲು ಬಿದ್ದಿದ್ದರೂ ಒಂದು ಮರಿ ಸಹ ಸಾಲು ಬಿಟ್ಟು ಹೊರಗೆ ಕಾಲಿಡಲಿಲ್ಲ.

"ಇವು ಯಾಕ ಹಿಂಗ?" ಎಂದೆ.

"ಅವುಕ ರೂಢಿ. ಯಾವಾಗೂ ಹಿಂಗ" ಎಂದರು ಮಾಮಾ.

ಸ್ವಲ್ಪ ದೂರ ಹೋಗಿ ಸಾಲು ಎಡಕ್ಕೆ ಹೊರಳಿತು. ಹೊರಳಲು ಅಲ್ಲಿ ಏನೂ ಕಾರಣವಿರಲಿಲ್ಲ. ನಾವೂ ಹಿಂದೆಯೇ ಹೊರಳಿದೆವು. ನಾನು ಫೋನು ನೋಡುತ್ತ ನಡೆಯುತ್ತಿದ್ದೆ. ಎಡಕ್ಕೆ ಹೊರಳಿ ಕೆಲವು ಹೆಜ್ಜೆ ಹೋದಾಗ ಮುಂದಿದ್ದ ಮಾಮಾ ತಲೆ ತಗ್ಗಿಸಿದರು. ಪಟಕಾ ಬೀಳದಂತೆ ಒಂದು ಕೈಯಿಂದ ಒತ್ತಿ ಹಿಡಿದು, ಬಲಗಾಲು ಸ್ವಲ್ಪ ಎತ್ತಿ ಮುಂದಿಟ್ಟರು. ನಾನೂ ಅಲ್ಲಿಗೆ ಬಂದಾಗ ಹಾಗೆಯೇ ಮಾಡಿದೆ. ತಲೆ ಬಗ್ಗಿಸಿ, ಕಾಲೆತ್ತಿ ದಾಟಿದೆ. ಮಾಡಿದ ಮೇಲೆ ಮಾಡಿದೆನೆಂದು ಗೊತ್ತಾಯಿತು. ಹಳೆಯ ಮನೆಗಳ ತಗ್ಗು ಬಾಗಿಲಿನಲ್ಲಿ ಹೊಸ್ತಿಲು ದಾಟುವಾಗ ನಾವು ಯೋಚನೆ ಮಾಡದೆ ಮಾಡುತ್ತೇವಲ್ಲ, ಅದೇ.

"ಮಾಮಾ, ಯಾಕ ಬಗ್ಗಿದ್ರಿ?"

"ಯಾರು, ನಾನಾ?" ಮಾಮಾ ನಿಂತು ನನ್ನನ್ನು ನೋಡಿದರು. ಆಮೇಲೆ ಮೇಲಕ್ಕೆ ನೋಡಿದರು. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಇಬ್ಬರೂ ನಕ್ಕೆವು. ನಕ್ಕ ಸದ್ದು ದೂರ ಹರಡದೆ ಯಾಕೋ ನಮ್ಮ ಹತ್ತಿರವೇ ಉಳಿಯಿತು ಅನ್ನಿಸಿತು. ಬಯಲಿನಲ್ಲಿ ನಗೆ ಹಾಗೆ ಕೇಳುವುದಿಲ್ಲ. ಗಾಳಿ ನಿಂತಿತ್ತು. ಕುರಿಗಳ ಗಂಟೆ ಮಾತ್ರ ಮುಂದೆ ಕೇಳುತ್ತಿತ್ತು. ಸಾಲು ಬಲಕ್ಕೆ ಹೊರಳಿತು, ನಾವೂ ಹೊರಳಿದೆವು, ಅಷ್ಟರಲ್ಲಿ ಪಟ್ಟಿ ಮುಗಿದು ಹಿಂಡು ಮತ್ತೆ ಚದುರಿ ಓಡತೊಡಗಿತು. ಗಾಳಿ ಬಂದು ನನ್ನ ಓಢಣಿ ಹಾರಿಸಿತು. ಇಷ್ಟೇ ನಡೆದದ್ದು. ನನ್ನ ಮಟ್ಟಿಗೆ ಇಷ್ಟೇ.

ಎದುರಿನಿಂದ ಅಕ್ಕ ಓಡಿ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸೆರಗು ನೆಲಕ್ಕೆ ಎಳೆಯುತ್ತಿತ್ತು. ಬಂದವಳೇ ನನ್ನ ಎರಡೂ ತೋಳು ಹಿಡಿದು ಅಲುಗಿಸಿದಳು.

"ಎಲ್ಲಿ ಹೋಗಿದ್ರಿ? ಎಲ್ಲಿ ಹೋಗಿದ್ರಿ ಇಬ್ಬರೂ?"

"ಎಲ್ಲಿ ಹೋಗೂಣು?" ಎಂದರು ಮಾಮಾ. "ಕುರಿ ಹಿಂದ ಬರಾಕತ್ತೀವಿ."

"ಕುರೀನೂ ಇರಲಿಲ್ಲ! ಮುಂದಿನ ಟಗರ ಮೊದಲ ಕಾಣದಂಗಾತು. ಆಮ್ಯಾಲ ಒಂದೊಂದ, ಒಂದೊಂದ. ಆಮ್ಯಾಲ ನೀವು. ಕಡೀಕ ಇಕಿ. ಗ್ವಾಡಿ ಹಿಂದ ಹೋದಂಗ ಹೋದ್ರಿ. ಬರೇ ಹೊಲ ಉಳೀತು. ನಾ ಎಷ್ಟು ಒದರಿದೆ, ಓ ಅನಬಾರದಾ?"

ನಾವು ಅವಳ ದನಿ ಕೇಳಿರಲಿಲ್ಲ. ಅಕ್ಕನ ದನಿ ಎಂಥದೆಂದರೆ ಅಂಗಳದಲ್ಲಿ ನಿಂತು ಮಡ್ಡಿಯ ಮೇಲಿನ ಗಂಡನನ್ನು ಊಟಕ್ಕೆ ಕರೆಯುವಂಥದು. ಆ ಸಂಜೆ ಅವಳ ಗಂಟಲು ಒಡೆದಿತ್ತು. ಮರುದಿನವೆಲ್ಲ ಅವಳಿಗೆ ಮಾತು ಹೊರಡಲಿಲ್ಲ. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದಿದ್ದವು, ನಾನೇ ಕೂತು ತೆಗೆದೆ. ಅಂಗಳಕ್ಕೆ ಬಂದು ನೋಡಿದರೆ ಒಲೆಯ ಮೇಲಿನ ಚಹಾ ಬತ್ತಿ, ಪಾತ್ರೆಯ ತಳ ಹತ್ತಿ ಕರ್ರಗಾಗಿತ್ತು. ನಾವು ಪಟ್ಟಿ ದಾಟಿದ್ದು ಒಂದು ಹಾಡು ಹೇಳುವಷ್ಟು ಹೊತ್ತೂ ಅಲ್ಲ.

ಸಮಾಧಾನ ಮಾಡಲು ನನಗೆ ಮೊದಲು ಹೊಳೆದದ್ದು ಬಿಸಿಲು. ಕಣ್ಣಿಗೆ ಸೂರ್ಯ ಹೊಡೆದರೆ ಎದುರಿನದು ಕಾಣುವುದಿಲ್ಲ, ಅಕ್ಕಾ, ಎಂದು ಹೇಳಲು ಬಾಯಿ ತೆರೆದೆ. ಆದರೆ ಹೊತ್ತು ಸಂಜೆಯದು. ಮನೆ ಓಣಿಪಟ್ಟಿಯ ಪಡುವಣಕ್ಕಿದೆ. ಸೂರ್ಯ ಅಕ್ಕನ ಬೆನ್ನಿಗಿದ್ದ. ಬಿಸಿಲು ಹೊಡೆಯಬೇಕಾದದ್ದು ನಮ್ಮ ಕಣ್ಣಿಗೆ. ಆಗ ನನಗೆ ಇನ್ನೊಂದು ಹೊಳೆಯಿತು, ಅದನ್ನು ಆ ದಿನ ಅವರಿಬ್ಬರಿಗೂ ಹೇಳಲಿಲ್ಲ. ಮಡ್ಡಿಯಿಂದ ಇಳಿಯುವಾಗ ಎದುರು ಬಿಸಿಲಿಗೆ ಫೋನಿನ ಪರದೆ ಕಾಣದೆ, ಕೈ ಮರೆ ಮಾಡಿ ಮಾಡಿ ನೋಡುತ್ತಿದ್ದೆ. ಓಣಿಪಟ್ಟಿಯಲ್ಲಿ ಎಡಕ್ಕೆ ಹೊರಳಿದ ಮೇಲೆ ಅದು ಸ್ವಚ್ಛವಾಗಿ ಕಂಡಿತ್ತು. ನೆರಳಿನಲ್ಲಿ ಕಂಡ ಹಾಗೆ.

ಮಾಮಾ ದೇವರ ಮುಂದಿನ ಭಂಡಾರದ ಅರಿಸಿನ ತಂದು ಕುರಿಗಳ ಮೇಲೆ ತೂರಿದರು, ನಮ್ಮ ಹಣೆಗೂ ಹಚ್ಚಿದರು. ನಾನು ಎದ್ದು ನೀರಿಗೆ ಹೋಗಲಿಲ್ಲ. ಊಟಕ್ಕೆ ಕೂತಾಗ ಅಕ್ಕ ಒಡೆದ ದನಿಯಲ್ಲಿ ಒಂದೇ ಮಾತು ಹೇಳಿದಳು: "ಅಲ್ಲಿ ಅಗಿಬ್ಯಾಡ್ರಿ."

"ಜೆಸಿಬಿ ಹೇಳಿ ಆಗೇತಿ. ದೊಡ್ಡಿ ಸಮೀಪ ಬ್ಯಾರೆ ಜಾಗ ಎಲ್ಲಿ ಐತಿ?" ಎಂದರು ಮಾಮಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹ್ವಾದ ವರ್ಷ ಹತ್ತಿಪ್ಪತ್ತು ಮರಿ ಹೂಳಿ ಬಂದೀನಿ. ನೀರು ಬೇಕಲ್ಲ ಮಾಯವ್ವ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಹೇಳು ತಂಗಿ. ನೀ ಹೆಂಗ ಅಂತಿ ಹಂಗ."

ಒಬ್ಬರು ಬೇಡವೆಂದರೆ ಇನ್ನೊಬ್ಬರು ಬೇಕೆನ್ನುವಾಗ, ಇದನ್ನೆಲ್ಲ ನಂಬದವಳು ಎಂದೇ ನನ್ನನ್ನು ಕೇಳಿದ್ದರು. ಬೆಳಗ್ಗೆ ನೋಡಿ ಹೇಳುತ್ತೇನೆ ಎಂದೆ.

ಬೆಳಗ್ಗೆ ಒಬ್ಬಳೇ ಹೋದೆ. ಅಳೆಯುವ ಟೇಪು, ಮಟ್ಟ ನೋಡುವ ಉಪಕರಣ ಒಯ್ದಿದ್ದೆ. ಪಟ್ಟಿಯಲ್ಲಿ ತಗ್ಗು ಇದ್ದರೆ, ಅದರಲ್ಲಿ ಇಳಿದವರು ದೂರದಿಂದ ಕಾಣದೆ ಹೋಗಬಹುದು ಎಂಬುದು ನನ್ನ ಆಸೆ. ಆಸೆ ಎಂದೇ ಹೇಳಬೇಕು. ನೆಲ ಹಳ್ಳದ ಕಡೆಗೆ ಸ್ವಲ್ಪ ಇಳಿಜಾರು, ಅಷ್ಟೇ. ಒಂದು ಕುರಿಮರಿ ಅಡಗುವಷ್ಟು ತಗ್ಗೂ ಇರಲಿಲ್ಲ. ಆಮೇಲೆ ಮಾಮಾರನ್ನು ಆ ದಾರಿಯಲ್ಲಿ ನಡೆಸಿ ನಾನು ಅಂಗಳದಲ್ಲಿ ಅಕ್ಕ ನಿಂತಲ್ಲೇ ನಿಂತು ನೋಡಿದೆ. ಅವರ ಪಟಕಾದಿಂದ ಪಾದದವರೆಗೆ ಎಲ್ಲ ಕಂಡಿತು, ಆಚೆ ಕಡೆಯವರೆಗೂ ಕಂಡಿತು. ಅವರು ಎಡಕ್ಕೆ ಹೊರಳಿ ಕೆಲವು ಹೆಜ್ಜೆ ಹಾಕಿ ನಿಂತದ್ದು ಕಂಡಿತು. ತಲೆ ಬಗ್ಗಿಸಬೇಕೋ ಬೇಡವೋ ಎಂದು ಅವರು ಅನುಮಾನಿಸಿದ್ದೂ ಕಂಡಿತು. ಬಗ್ಗಿಸಲಿಲ್ಲ, ಸುತ್ತುಹಾಕಿ ಬಂದರು.

ನಾನು ಹಳೆಯ ಹಾಳೆ ಬಿಡಿಸಿ, "ಮಾಮಾ, ಹಳ್ಳದ ಬಾಜೂಕ ತೋಡ್ರಿ. ನೀರು ಅಲ್ಲಿ ಹೆಚ್ಚು ಕೂಡತೈತಿ, ನಕಾಶಾದಾಗ ಐತಿ" ಎಂದೆ. ನಕ್ಷೆಯಲ್ಲಿ ಹಾಗೇನೂ ಇರಲಿಲ್ಲ. ಎರಡೂ ಜಾಗ ಹೆಚ್ಚುಕಡಿಮೆ ಒಂದೇ. ಮಾಮಾ ಹಾಳೆಯನ್ನು ಬಹಳ ಹೊತ್ತು ನೋಡಿದರು. ಇಂಗ್ಲಿಷು ಓದಲು ಬಾರದಿದ್ದರೂ ಕಂದು ಗೆರೆಗಳ ಅರ್ಥ ನಾನೇ ಹಿಂದಿನ ದಿನ ಅವರಿಗೆ ಹೇಳಿಕೊಟ್ಟಿದ್ದೆ. "ನಕಾಶಾದಾಗ ಐತಿ ಅಂದ್ರ ಆತು" ಎಂದು ಹಾಳೆ ಮಡಚಿ ನನ್ನ ಕೈಗೆ ಕೊಟ್ಟರು. ಅಕ್ಕ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಸೋಲಾಪುರಕ್ಕೆ ಬಂದ ಮೇಲೆ ಫೋನು ಬರೆದುಕೊಂಡ ದಾರಿಯನ್ನು ತೆಗೆದು ಹಳೆಯ ನಕ್ಷೆಯ ಮೇಲೆ ಇಟ್ಟೆ. ಕುರಿಗಳು ನಡೆದ ಗೆರೆ ಬಂಡಿದಾರಿಯ ಚುಕ್ಕಿಗೆರೆಯ ಮೇಲೆ ಹೋಗಿ ಕೂತಿತು. ಅಂಥ ಹಾಳೆಯಲ್ಲಿ ಮೈಲಿಗೊಂದು ಇಂಚು. ಅದರಲ್ಲಿ ಮನೆಗಳ ಬಾಗಿಲು ತೋರುವುದಿಲ್ಲ, ಆದ್ದರಿಂದ ನಾವು ತಲೆ ಬಗ್ಗಿಸಿದ್ದು ಎಲ್ಲಿ ಎಂದು ನಾನು ಹೇಳಲಾರೆ. ಆದರೆ ಎಡದ ಮುರುವೂ ಸರಿ, ಬಲದ ಮುರುವೂ ಸರಿ. ನಡುವೆ ಮಾತ್ರ ನಮ್ಮ ಗೆರೆ ತಪ್ಪಿಹೋಗಿ, ಮುಂದೆ ಮತ್ತೆ ಹತ್ತಿತ್ತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ, ಎರಡು ಕಡೆ ಎತ್ತರದ ಗೋಡೆ ಇದ್ದಾಗ, ಫೋನಿಗೆ ಹೀಗೆ ಆಗುತ್ತದೆ. ಬೇರೆ ಕಾರಣಕ್ಕೂ ಆಗುತ್ತದೆ. ಇದನ್ನು ನಾನು ಸಾಕ್ಷಿಯೆಂದು ಹೇಳುತ್ತಿಲ್ಲ.

ಉಳಿದದ್ದು ಒಂದೇ ವಿವರಣೆ. ಅಲ್ಲಿ ಊರಿತ್ತು, ಊರಿನ ಓಣಿಯಲ್ಲಿ ಕುರಿ ಹೋಗುತ್ತಿದ್ದವು, ಊರು ಹೋದ ಮೇಲೂ ತಾಯಿಯಿಂದ ಮರಿಗೆ ಅದೇ ನಡಿಗೆ ಬಂದಿದೆ, ಜನರ ಬಾಯಲ್ಲಿ ಹೆಸರೂ ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಕಂಡದ್ದಕ್ಕೆ ಇದು ಉತ್ತರವಲ್ಲ, ಆದರೆ ಅರ್ಧವಾದರೂ ಕೈಗೆ ಸಿಕ್ಕಂತಾಗುತ್ತದೆ. ಇದನ್ನು ಗಟ್ಟಿಮಾಡಿಕೊಳ್ಳಲು ಅಕ್ಕಲಕೋಟೆಗೆ ಹೋದೆ. ಮಾಮಾರ ಸೋದರತ್ತೆ ಲಕ್ಕವ್ವ ಅಲ್ಲಿ ಮಗಳ ಮನೆಯಲ್ಲಿದ್ದರು. ಆ ಹೊಲದಲ್ಲೇ ಹುಟ್ಟಿ ಬೆಳೆದ ಮುದುಕಿ. ಕಣ್ಣು ಮಂಜಾಗಿದ್ದರೂ ನೆನಪು ಚುರುಕು.

"ಅಲ್ಲೆಲ್ಲಿ ಊರು ಬಂತವ್ವ?" ಎಂದರು ಅವರು. "ನಮ್ಮಪ್ಪ ಇಂಡಿ ಕಡಿಂದ ಕುರಿ ಹೊಡಕೊಂಡ ಬಂದು ಆ ಹೊಲ ಹಿಡದಾಂವ. ಆವಾಗೂ ಬರೇ ಬಯಲ. ಹೆಸರಿರಲಿಲ್ಲ ಅದಕ."

"ಮತ್ತ ಓಣಿಪಟ್ಟಿ ಅಂತ ಯಾರು ಇಟ್ರು ಅತ್ತಿ?"

"ನಮ್ಮಪ್ಪನ ಇಟ್ಟ. ಮೊದಲನೇ ದಿನ ಕುರಿ ಬಿಟ್ಟಾಗ ಓಣ್ಯಾಗ ಹ್ವಾದಂಗ ಹ್ವಾದವಂತ. ಅದಕ್ಕ ನಕ್ಕೋತ ಓಣಿಪಟ್ಟಿ ಅಂದ."

ನಾನು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಅದನ್ನೇ ಹೇಳಿದರು. ಎಂದರೆ ಹೆಸರು ಊರಿನಿಂದ ಉಳಿದದ್ದಲ್ಲ, ಕುರಿಗಳನ್ನು ನೋಡಿ ಇಟ್ಟದ್ದು. ಆ ಕುರಿಗಳೋ ದೂರದಿಂದ ಬಂದವು, ಆ ನೆಲವನ್ನು ಅದೇ ಮೊದಲು ಮೆಟ್ಟಿದವು. ಯಾರೂ ಅವಕ್ಕೆ ಕಲಿಸಿರಲಿಲ್ಲ. ಮರಳಿ ಬರುವ ಬಸ್ಸಿನಲ್ಲಿ ನಾನು ಹಾಳೆಯನ್ನು ಬಿಡಿಸಲಿಲ್ಲ.

ಶೇತತಳೆ ಹಳ್ಳದ ಪಕ್ಕದಲ್ಲೇ ಆಯಿತು. ನಾಲ್ಕು ಮಳೆಗಾಲದ ನೀರು ಕಂಡಿದೆ, ಮಾಮಾ ಆಮೇಲೆ ಕುರಿ ಹೊಡೆದುಕೊಂಡು ಹೊಳೆಗೆ ಹೋಗಬೇಕಾಗಿ ಬಂದಿಲ್ಲ. ಓಣಿಪಟ್ಟಿಯಲ್ಲಿ ಈಗ ಜೋಳ ಬಿತ್ತುವುದಿಲ್ಲ, ಹುಲ್ಲು ಬಿಟ್ಟಿದ್ದಾರೆ. ಕುರಿಗಳು ಸಂಜೆ ಅದೇ ರೀತಿ ಸಾಲು ಹಿಡಿದು ಬರುತ್ತವೆ. ಮಾಮಾ ಅವುಗಳ ಹಿಂದೆ ಹೋಗದೆ ಬದುವಿನ ಮೇಲಿಂದ ಬರುತ್ತಾರೆ. 

ಹೋದ ದೀಪಾವಳಿಯಲ್ಲಿ ನಾನೂ ಅಕ್ಕನೂ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಕುರಿ ಬರುವ ಹೊತ್ತು. ಅಕ್ಕ ಆ ಕಡೆ ನೋಡುತ್ತಲೇ, ಮೆಲ್ಲಗೆ ಹೇಳಿದಳು: "ಅವತ್ತ ನೀವು ಕಾಣಲಿಲ್ಲ ಅಂದೆ. ನಾ ಎಷ್ಟು ಸಲ ಹೇಳಿದರೂ ಎಲ್ಲಾರೂ ಅಷ್ಟ ಕೇಳತೀರಿ. ನೀವು ಕಾಣದಾಗ ಅಲ್ಲಿ ನನಗ ಏನು ಕಂಡಿತು ಅಂತ ನೀ ಒಂದು ಸಲಾನೂ ಕೇಳಲಿಲ್ಲ, ತಂಗಿ."

ಬರೇ ಹೊಲ ಉಳಿಯಿತು ಎಂದು ಅವಳು ಆ ದಿನ ಹೇಳಿದ್ದಳು. ನಾನು ಅದನ್ನು ನಂಬಿಕೊಂಡಿದ್ದೆ. ನನ್ನ ಕೈಯಲ್ಲಿನ ಶೇಂಗಾ ಹಾಗೆಯೇ ಉಳಿಯಿತು. ಅವಳು ನನ್ನ ಮುಖ ನೋಡುತ್ತ ಕಾದಳು. ಅಷ್ಟರಲ್ಲಿ ಹಿಂಡು ಓಣಿಪಟ್ಟಿಯ ಅಂಚಿಗೆ ಬಂತು. ನಾನು ಎದ್ದು ದೊಡ್ಡಿಯ ಬಾಗಿಲು ತೆರೆಯಲು ಹೋದೆ.

ಅಕ್ಕ ಈಗಲೂ ಅಲ್ಲಿಯೇ ಇದ್ದಾಳೆ. ಸೋಲಾಪುರದಿಂದ ಬಸ್ಸು ಹತ್ತಿದರೆ ದೂರವೇನಲ್ಲ. ಕೇಳಿದರೆ ಹೇಳುತ್ತಾಳೆ. ನಾನು ಇನ್ನೂ ಕೇಳಿಲ್ಲ.